ಮಾಲತಿ ಚೀನಾಕ್ಕೆ, ಗ್ರೈಂಡರ್ ಫ್ಲೆಮಿಂಗ್ಸ್‌ಬೆರ್ಯ್‌ಗೆ

ನನ್ನ ಹೆಂಡತಿ ಮಾಲತಿ ಚೀನಾಕ್ಕೆ ಹೋದದ್ದು ಹನ್ನೊಂದು ಜನ ಶಿಕ್ಷಕರ ತಂಡದಲ್ಲಿ, ಹನ್ನೊಂದನೆಯವಳಾಗಿ. ಇದು ಸತ್ಯ. ಸ್ವೀಡನ್ನಿನ ಎಸ್ಕಿಲ್‌ಸ್ಟುನಾ ಊರಿನ ಕನ್ನಡ ಬಳಗದಲ್ಲಿ ನಾನು ಹೇಳಿದ್ದು ಇದಲ್ಲ.

ಮಾಲತಿ ಇಲ್ಲಿನ ಸರ್ಕಾರಿ ಶಾಲೆಯೊಂದರಲ್ಲಿ ಗಣಿತದ ಟೀಚರ್. ಚೀನಾದ ಮಕ್ಕಳಿಗೆ ಗಣಿತ ಅಷ್ಟು ಚೆನ್ನಾಗಿ ಹೇಗೆ ಬರುತ್ತದೆ, ನಮ್ಮ ಮಕ್ಕಳಿಗೆ ಯಾಕೆ ಬರುವುದಿಲ್ಲ ಎಂದು ನೋಡಿಕೊಂಡು ಬರಲು ಕಮ್ಯೂನಿನವರು, ಅಂದರೆ ಇಲ್ಲಿನ ನಗರಸಭೆಯವರು, ಈ ತಂಡವನ್ನು ಕಳಿಸಿದರು. ನಲವತ್ತನಾಲ್ಕನೇ ವಾರ ಸ್ವೀಡನ್ನಿನ ಶಾಲೆಗಳಿಗೆ ರಜೆ, ಚೀನಾದ ಶಾಲೆಗಳಿಗೆ ಇಲ್ಲ. ಆದ್ದರಿಂದ ಅದೇ ವಾರ ಹೋಗುವುದೆಂದು ಗೊತ್ತಾಯಿತು. ಆ ವಾರವೇ ದೀಪಾವಳಿ ಎಂಬುದು ಕಮ್ಯೂನಿಗೆ ಹೇಗೆ ತಿಳಿಯಬೇಕು? ಅವರಿಗೆ ಗೊತ್ತಿರುವುದು ವಾರದ ನಂಬರು, ನಮಗೆ ಗೊತ್ತಿರುವುದು ತಿಥಿ. ಎರಡೂ ಒಂದನ್ನೊಂದು ಮಾತನಾಡಿಸುವುದಿಲ್ಲ.

ಹಬ್ಬದ ತಯಾರಿಗೆ ಬಳಗ ಸೇರಿದಾಗ ಅಧ್ಯಕ್ಷರಾದ ರಾಮದಾಸರು ಕೇಳಿದರು. ರಾಮದಾಸರು ಈ ದೇಶಕ್ಕೆ ಬಂದು ಇಪ್ಪತ್ತೆರಡು ವರ್ಷ. ಇಲ್ಲಿನ ಯಾವ ಅರ್ಜಿಯನ್ನಾದರೂ ಕಣ್ಣು ಮುಚ್ಚಿಕೊಂಡು ತುಂಬುತ್ತಾರೆ. ಹೊಸದಾಗಿ ಬಂದ ಕನ್ನಡಿಗರು ಸರ್ಕಾರ ಕೊಡುವ ಪರ್ಸನ್‌ನಂಬರಿಗೂ ಮೊದಲು ರಾಮದಾಸರ ನಂಬರು ತೆಗೆದುಕೊಳ್ಳುತ್ತಾರೆ.

"ಏನ್ ನಾರಾಯಣ್, ಹಬ್ಬಕ್ಕೆ ಮಾಲತಿಯವರು ಇರಲ್ವಂತೆ?"

"ಹೌದು ಸಾರ್. ಚೈನಾದವರು ಕರೆಸ್ಕೊಂಡಿದ್ದಾರೆ."

"ಕರೆಸ್ಕೊಂಡಿದ್ದಾರಾ!"

"ಅಲ್ಲಿನ ಸ್ಕೂಲ್‌ಗಳನ್ನೆಲ್ಲ ನೋಡಿ, ಹೇಗಿದೆ ಅಂತ ಹೇಳ್ಬೇಕಂತೆ."

ಬಳಗದ ಹದಿನೇಳು ಕುಟುಂಬಗಳೂ ನನ್ನ ಕಡೆ ತಿರುಗಿದವು. ಆರು ವರ್ಷದಿಂದ ಈ ಬಳಗದಲ್ಲಿ ನನಗೆ ಸಿಕ್ಕಿದ್ದ ಜವಾಬ್ದಾರಿ ಕುರ್ಚಿ ಜೋಡಿಸುವುದು, ಕುರ್ಚಿ ಮಡಚುವುದು. ಇಷ್ಟು ಕಣ್ಣು ಒಟ್ಟಿಗೆ ನನ್ನನ್ನು ನೋಡಿದ್ದು ಅದೇ ಮೊದಲು.

"ಹಾಗಾದ್ರೆ ದೊಡ್ಡ ಆಫರ್ರೇ ಇರ್ಬೇಕು ಬಿಡಿ" ಎಂದರು ರಾಮದಾಸರು.

ನಾನು ಹೌದು ಎನ್ನಲಿಲ್ಲ. ಅಲ್ಲ ಎಂದೂ ಅನ್ನಲಿಲ್ಲ. ಸುಮ್ಮನೆ ನಕ್ಕೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಮಾತೇ ಆಡದೆ ಮನೆ ಕಳೆದುಕೊಳ್ಳುವ ದಾರಿಯನ್ನು ನಮ್ಮ ಹಿರಿಯರು ಯೋಚಿಸಿರಲಿಲ್ಲ.

ಮನೆಯಲ್ಲಿ ಉಳಿಯುವವರು ನಾನು, ಮಗಳು ಚಾರ್ವಿ ಇಬ್ಬರೇ ಎಂದು ಹೊರಡುವ ಮುನ್ನ ಮಾಲತಿ ಫ್ರಿಜ್ಜಿನ ಮೇಲೆ ಒಂದು ಚೀಟಿ ಅಂಟಿಸಿದಳು. ಚಾರ್ವಿಗೆ ಟೋಪಿ ಹಾಕದೆ ಹೊರಗೆ ಕಳಿಸಬೇಡಿ. ಬಟ್ಟೆ ಒಗೆಯುವ ಕೋಣೆಯಲ್ಲಿ ನಮ್ಮ ಸರದಿ ಭಾನುವಾರ ಹತ್ತಕ್ಕೆ, ಮರೆಯಬೇಡಿ. ಚತುರ್ದಶಿ ಬೆಳಿಗ್ಗೆ ಇಬ್ಬರೂ ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡಿ. ಕೊನೆಯದಕ್ಕೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದಿದ್ದಳು: ಫೋನಿಗೆ ಏನೇ ಬಂದರೂ ಓದದೆ ಸಹಿ ಹಾಕಬೇಡಿ.

ಈ ಕೊನೆಯ ಮಾತಿಗೆ ಹಿನ್ನೆಲೆ ಇದೆ. ಈ ದೇಶದಲ್ಲಿ ಸಹಿ ಹಾಕಲು ಪೆನ್ನು ಬೇಡ. ಫೋನಿನಲ್ಲಿ ಬ್ಯಾಂಕ್‌ಐಡಿ ತೆರೆದು ಆರು ಅಂಕಿ ಒತ್ತಿದರೆ ಮುಗಿಯಿತು, ಕೋರ್ಟಿಗೂ ಅದೇ ಸಹಿ, ಕಾಫಿಪುಡಿಗೂ ಅದೇ ಸಹಿ. ಮದುವೆಮನೆಯಲ್ಲಿ ಅಕ್ಷತೆ ಕೊಟ್ಟರೆ ಯಾರ ತಲೆ ಎಂದು ನೋಡದೆ ಹಾಕುವವನು ನಾನು. ಹಾಗೆಯೇ ಒತ್ತುತ್ತಾ ಹೋಗಿ ನಮ್ಮ ಮನೆಗೆ ಎರಡೆರಡು ಕಂಪನಿಯಿಂದ ಕರೆಂಟು ಬಂದಿತ್ತು. ಕಾರ್ಲ್‌ಸ್ಟಾಡ್‌ನ ಒಂದು ಜಿಮ್ಮಿಗೆ ನಾನು ವರ್ಷವಿಡೀ ಸದಸ್ಯನಾಗಿದ್ದೆ. ಕಾರ್ಲ್‌ಸ್ಟಾಡ್ ನಮ್ಮ ಮನೆಯಿಂದ ರೈಲಿನಲ್ಲಿ ಎರಡೂವರೆ ಗಂಟೆ.

"ಓದ್ತೀನಿ ಕಣೇ, ಓದ್ತೀನಿ" ಎಂದೆ.

"ಓದಲ್ಲ ನೀವು" ಎಂದು ಮಾಲತಿ ಚಾರ್ವಿಯ ಕೆನ್ನೆಗೆ ಮುತ್ತಿಟ್ಟು ರೈಲು ಹತ್ತಿದಳು.

ಈಗ ಗ್ರೈಂಡರಿನ ವಿಷಯ ಹೇಳಬೇಕು. ನಮ್ಮ ಬಳಗದಲ್ಲಿ ಇರುವುದು ಒಂದೇ ಗ್ರೈಂಡರ್. ಎರಡು ಲೀಟರಿನದು, ಕಲ್ಲಿನದು, ಹದಿನೈದು ವರ್ಷದ ಹಿಂದೆ ಯಾರೋ ಪುಣ್ಯಾತ್ಮರು ಬಟ್ಟೆಬರೆ ಬಿಟ್ಟು ಅದನ್ನೇ ಲಗೇಜಿನಲ್ಲಿ ತಂದದ್ದು. ಮಿಕ್ಸಿಯ ಉದ್ದಿನವಡೆ ತಿಂದವರಿಗೇ ಅದರ ಬೆಲೆ ಗೊತ್ತು. ಅದಕ್ಕೊಂದು ಕಟ್ಟಳೆ ಇದೆ: ಯಾರ ಮನೆಯಲ್ಲಿ ಇದೆಯೋ ಅವರು ಊರು ಬಿಡುವವರೆಗೆ ಅದು ಅವರದು. ಊರು ಬಿಡುವಾಗ ಉಳಿದವರಿಗೆ ಕೊಟ್ಟು, ತಳಕ್ಕೆ ತಮ್ಮ ಹೆಸರು, ಹೊರಟ ಊರು ಬರೆಯಬೇಕು. ತಿರುಗಿಸಿ ನೋಡಿದರೆ ಮಾರ್ಕರ್ ಪೆನ್ನಿನಲ್ಲಿ ಸಾಲಾಗಿ ಬರೆದಿದೆ. ಶ್ರೀನಾಥ–ಗೀತಾ, ಕೆನಡಾ. ಸಂಕೇತ್–ನವ್ಯಾ, ಜರ್ಮನಿ. ಕಬೀರ್–ಅಹನಾ, ಬೆಂಗಳೂರು. ಕಬೀರರಿಂದ ಅದು ನಮಗೆ ಬಂದು ನಾಲ್ಕು ವರ್ಷ. ಅದನ್ನು ಯಾರೂ ಕೈಬದಲು ಕೊಡುವುದಿಲ್ಲ, ಯಾರೂ ಕೇಳುವುದಿಲ್ಲ. ಗ್ರೈಂಡರ್ ಕೊಟ್ಟವರು ಊರು ಬಿಟ್ಟವರು, ಅಷ್ಟೇ.

ಈ ಕಟ್ಟಳೆ ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ಶನಿವಾರದ ಹಬ್ಬಕ್ಕೆ ಇನ್ನೂರು ವಡೆಯ ಹಿಟ್ಟು ಗ್ರೈಂಡರ್ ಇದ್ದ ನಮ್ಮ ಮನೆಯಿಂದ ಬರಬೇಕಿತ್ತು. ನನಗೆ ಗ್ರೈಂಡರಿನಲ್ಲಿ ಬರುವ ಕೆಲಸ ಎಂದರೆ ಅದರ ಸ್ವಿಚ್ಚು ಹಾಕುವುದು. ನನ್ನ ಆಫೀಸಿನಲ್ಲೇ ಕೆಲಸ ಮಾಡುವ ಅವಿನಾಶನ ಹೆಂಡತಿ ಪಾವನಾ ವಡೆಗೆ ಹೆಸರಾದವಳು. ಅವರಿರುವುದು ಫ್ಲೆಮಿಂಗ್ಸ್‌ಬೆರ್ಯ್‌ನಲ್ಲಿ, ಅಲ್ಲಿನ ಮೆಡಿಕಲ್ ಯೂನಿವರ್ಸಿಟಿಯಲ್ಲಿ ಅವಳ ಸಂಶೋಧನೆ. ಅವಿನಾಶ ದಿನಾ ಅಲ್ಲಿಂದ ರೈಲಿನಲ್ಲಿ ಓಡಾಡುತ್ತಾನೆ. ಭಾನುವಾರ ಇಬ್ಬರನ್ನೂ ಕರೆಸಿ ಗ್ರೈಂಡರ್ ಎತ್ತಿಕೊಟ್ಟೆ.

ಅವಿನಾಶ ಎರಡು ಹೆಜ್ಜೆ ಹಿಂದೆ ಸರಿದ. ಪಾವನಾಳಿಗೆ ಆಗ ಆರನೇ ತಿಂಗಳು. ಗ್ರೈಂಡರಿನ ಮೇಲೆ ಕೈಯಿಟ್ಟು ಕೇಳಿದಳು. "ಅಣ್ಣ, ನಿಜವಾಗ್ಲೂ ನಮಗೆ ಕೊಡ್ತಿದೀರಾ? ಅಕ್ಕಂಗೆ ಗೊತ್ತಾ?"

"ನಿಮ್ಮಕ್ಕಂಗೆ ಚೈನಾದಲ್ಲಿ ಗ್ರೈಂಡರ್ ಯಾಕಮ್ಮ? ತಗೊಂಡ್ ಹೋಗು. ನೀನೇ ಚೆನ್ನಾಗಿ ರುಬ್ಬೋದು."

ಪಾವನಾಳ ಕಣ್ಣಲ್ಲಿ ನೀರು ಬಂತು. ಉದ್ದಿನ ಹಿಟ್ಟಿಗೆ ಇಷ್ಟು ಭಾವುಕತೆಯೇ ಎಂದು ನನಗೂ ಸ್ವಲ್ಪ ಆಶ್ಚರ್ಯವಾಯಿತು. ಅವಿನಾಶ ಗ್ರೈಂಡರನ್ನು ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿಟ್ಟು ಸೀಟ್‌ಬೆಲ್ಟ್ ಹಾಕಿದ. ಕಾರು ತಿರುವು ದಾಟುವ ಮೊದಲೇ ಬಳಗದ ವಾಟ್ಸಾಪಿಗೆ ಫೋಟೋ ಬಿದ್ದಿತ್ತು. ಕೆಳಗೆ ಒಬ್ಬರಾದ ಮೇಲೊಬ್ಬರು ಕೈ ಮುಗಿಯುವ ಚಿತ್ರ ಹಾಕಿದ್ದರು. ವಡೆಗೆ ಎಷ್ಟು ಮರ್ಯಾದೆ ಎಂದುಕೊಂಡು ನಾನೂ ಒಂದು ಹಾಕಿದೆ.

ಮಂಗಳವಾರ ರಾಮದಾಸರು ಲ್ಯಾಪ್‌ಟಾಪ್ ಹಿಡಿದು ಮನೆಗೆ ಬಂದರು. ಹಬ್ಬಕ್ಕೆ ನಮ್ಮ ವಠಾರದ ಹಾಲ್ ಬೇಕಿತ್ತು. ಅದನ್ನು ಮನೆ ಬಾಡಿಗೆಗೆ ಕೊಡುವ ಕಂಪನಿಯ ವೆಬ್‌ಸೈಟಿನಲ್ಲಿ ಬಾಡಿಗೆದಾರರೇ ಬುಕ್ ಮಾಡಬೇಕು. ನಾನು ಅಡುಗೆಮನೆಯಲ್ಲಿ ಕೋಡುಬಳೆ ಕರಿಯುತ್ತಿದ್ದೆ. ಹಬ್ಬದ ದಿನ ತಾಯಿ ಊರಲ್ಲಿಲ್ಲ ಎಂದು ಮಗಳಿಗೆ ಅನ್ನಿಸಬಾರದಲ್ಲ. ಮೊದಲನೆಯ ಘಾಣ ಕಪ್ಪಾಗಿತ್ತು, ಎರಡನೆಯದು ಆಗುವ ಹಾದಿಯಲ್ಲಿತ್ತು.

"ಹಾಲ್ ಆಯ್ತು, ಸಹಿ ಹಾಕಿ" ಎಂದರು ಡೈನಿಂಗ್ ಟೇಬಲ್ಲಿನಿಂದ.

ಹಿಟ್ಟಿನ ಬೆರಳಲ್ಲಿ ಆರು ಅಂಕಿ ಒತ್ತಿದೆ.

"ಆ ಇನ್ನೊಂದನ್ನೂ ಈಗ್ಲೇ ಹಾಕ್ಬಿಡೋಣ್ವಾ ನಾರಾಯಣ್? ಮೂರು ತಿಂಗಳು ಮುಂಚೆನೇ ಹೇಳ್ಬೇಕಲ್ಲ."

ಅಕ್ಟೋಬರಿನಿಂದ ಮೂರು ತಿಂಗಳು ಎಂದರೆ ಜನವರಿ. ಜನವರಿ ಎಂದರೆ ಸಂಕ್ರಾಂತಿ. ದೀಪಾವಳಿ ಹಾಲಿನ ಜೊತೆಗೇ ಸಂಕ್ರಾಂತಿ ಹಾಲು! ಅಧ್ಯಕ್ಷರೆಂದರೆ ಹೀಗಿರಬೇಕು ಎಂದು ಮನಸ್ಸಿನಲ್ಲೇ ಕೈ ಮುಗಿದೆ.

"ಹಾಕಿ ಸಾರ್, ಹಾಕಿ! ಲೇಟ್ ಮಾಡಿದ್ರೆ ಬೇರೆ ಯಾರಾದ್ರೂ ಹೊಡ್ಕೊಂಡ್ ಹೋಗ್ತಾರೆ."

"ಹಾಗಾಗಕ್ಕೆ ನಾನ್ ಬಿಡ್ತೀನಾ? ನಮ್ಮವರಿಗೇ ಸಿಗೋ ಹಾಗೆ ನೋಡ್ಕೋತೀನಿ."

"ನೀವಿರೋವಾಗ ನಂಗೇನ್ ಯೋಚ್ನೆ ಸಾರ್."

"ಮಾಲತಿಯವರೂ ಒಪ್ಪಿದ್ದಾರೆ ತಾನೆ?"

"ಅಯ್ಯೋ, ಅವಳದೇ ಐಡಿಯಾ!" ಎಂದೆ. ಸಂಕ್ರಾಂತಿಗೆ ಎಳ್ಳು ಬೀರುವುದನ್ನು ನಮ್ಮ ವಠಾರದಲ್ಲೇ ಮಾಡೋಣ ಎಂದು ಅವಳು ಒಮ್ಮೆ ಹೇಳಿದ್ದು ನಿಜ.

ಫೋನು ಮತ್ತೆ ಮಿನುಗಿತು. ಮೇಲೆ ಉದ್ದವಾದ ಒಂದು ಸ್ವೀಡಿಷ್ ಪದವಿತ್ತು. ಉದ್ದ ಪದ ಕಂಡರೆ ನನಗೆ ವಿಶ್ವಾಸ ಜಾಸ್ತಿ, ಸರ್ಕಾರದ ಕೆಲಸ ಸರಿಯಾಗಿ ನಡೆಯುತ್ತಿದೆ ಅನ್ನಿಸುತ್ತದೆ. ಅಷ್ಟರಲ್ಲಿ ಬಾಣಲೆಯಿಂದ ಹೊಗೆ ಎದ್ದು ಹೊಗೆಯ ಅಲಾರಾಂ ಕಿರುಚಲು ಶುರುಮಾಡಿತು. ಚಾರ್ವಿ ಕಿವಿ ಮುಚ್ಚಿಕೊಂಡು ಸ್ವೀಡಿಷಿನಲ್ಲಿ ಕೂಗಿದಳು. ಫ್ರಿಜ್ಜಿನ ಮೇಲಿನ ಕೆಂಪು ಗೆರೆ ಹೊಗೆಯಲ್ಲಿ ಕಾಣಲಿಲ್ಲ. ಆರು ಅಂಕಿ ಒತ್ತಿದೆ.

"ಒಂದು ದೊಡ್ಡ ಕೆಲ್ಸ ಮುಗೀತು" ಎಂದು ರಾಮದಾಸರು ಕರಿದದ್ದರಲ್ಲಿ ಕಪ್ಪಲ್ಲದ ಒಂದನ್ನು ಹುಡುಕಿ ತಿಂದು ಹೊರಟರು. ಬಾಗಿಲಲ್ಲಿ ನನ್ನ ಎರಡೂ ಕೈ ಹಿಡಿದುಕೊಂಡು, "ನಿಮ್ಮನ್ನ ತುಂಬಾ ಮಿಸ್ ಮಾಡ್ಕೋತೀವಿ" ಎಂದರು. ಸಂಕ್ರಾಂತಿಗೆ ಅವರು ಊರಿಗೆ ಹೋಗುವವರಿರಬೇಕು ಎಂದುಕೊಂಡೆ.

ಬುಧವಾರ ಮೂರನೇ ಮಹಡಿಯ ನಮ್ಮ ಮನೆಗೆ ಜನವೋ ಜನ. ಬಳಗದ ಓಂ ಬಂದು ನಮ್ಮ ಮಂಚವನ್ನು ನಾಲ್ಕೂ ಕಡೆಯಿಂದ ನೋಡಿದ.

"ಸಾರ್, ಇದನ್ನ ಬಿಚ್ಚೋಕಾಗುತ್ತಾ?"

"ಯಾಕಾಗಲ್ಲ? ನಾನೇ ಜೋಡಿಸಿದ್ದು. ಮೂವತ್ತೆರಡು ಸ್ಕ್ರೂ."

ಅವನು ಫೋನಿನಲ್ಲಿ ಮೂವತ್ತೆರಡು ಎಂದು ಬರೆದುಕೊಂಡ. ಇನ್ನೊಬ್ಬರು ಕರ್ಟನ್ನಿನ ಬಟ್ಟೆ ಮುಟ್ಟಿ ನೋಡಿ, ಹೊಗಳಿ ಹೋದರು. ಹೆಂಡತಿ ಇಲ್ಲದ ಮನೆಗೆ ಹಬ್ಬದ ಹೊತ್ತಿನಲ್ಲಿ ಎಷ್ಟು ಅಕ್ಕರೆಯಿಂದ ಬರುತ್ತಾರೆ ಎಂದು ಬಂದವರಿಗೆಲ್ಲ ಕಾಫಿ ಕೊಟ್ಟೆ, ಕಪ್ಪು ಕೋಡುಬಳೆ ಕೊಟ್ಟೆ.

ಸಂಜೆ ಕೆಳಗಿನ ಮಹಡಿಯ ಬ್ರಿಟ್ಟಾ ಬಾಗಿಲು ತಟ್ಟಿದಳು. ಎಪ್ಪತ್ತರ ಮೇಲಿನವಳು. ನಮ್ಮ ಗ್ರೈಂಡರಿನ ಸದ್ದಿಗೆ, ಮನೆಯಲ್ಲಿ ಡ್ರಿಲ್ಲಿಂಗ್ ಮಾಡುತ್ತೀರೆಂದು ಮೂರು ಸಲ ಚೀಟಿ ಅಂಟಿಸಿದವಳು. ಆರು ವರ್ಷದಲ್ಲಿ ನಮ್ಮ ನಡುವೆ ನಡೆದದ್ದು ಆ ಮೂರು ಚೀಟಿಯ ವ್ಯವಹಾರ ಮಾತ್ರ. ಇಲ್ಲಿ ಎಲ್ಲರಿಗೂ ಏಕವಚನವೇ.

"ನಿಮ್ಮ ಭಾನುವಾರ ಹತ್ತು ಗಂಟೆಯ ಬಟ್ಟೆ ಒಗೆಯುವ ಸರದಿಯನ್ನು ನನಗೆ ಬಿಟ್ಟುಕೊಡುತ್ತೀಯಾ? ಬೇರೆಯವರು ಕೇಳುವ ಮೊದಲು ಕೇಳುತ್ತಿದ್ದೇನೆ" ಎಂದಳು.

ಹಬ್ಬ ಅಲ್ಲವೇ, ಆಗಲಿ ಎಂದೆ. ಅವಳು ತಟ್ಟನೆ ನನ್ನನ್ನು ಅಪ್ಪಿಕೊಂಡಳು! ಮೆಟ್ಟಿಲ ಮೇಲೆ ಎದುರಾದರೆ ಗೋಡೆ ನೋಡುವ ಸ್ವೀಡನ್ನಿನವಳು ಅಪ್ಪಿಕೊಂಡು, "ಆ ಡ್ರಿಲ್ಲಿಂಗ್ ಇಲ್ಲದೆ ಮನೆ ಖಾಲಿ ಖಾಲಿ ಅನ್ನಿಸುತ್ತದೆ" ಎಂದು ಮೂಗು ಒರೆಸಿಕೊಂಡಳು. ಗ್ರೈಂಡರ್ ಮನೆಯಲ್ಲಿಲ್ಲದ್ದು ಮೂರೇ ದಿನ. ಒಂಟಿ ಮುದುಕಿಗೆ ಅಷ್ಟಕ್ಕೇ ಬೇಸರವಾಗಿದೆಯಲ್ಲಾ ಎಂದು ಅಯ್ಯೋ ಅನ್ನಿಸಿತು.

ಆಮೇಲೆ ದಾವಣಗೆರೆಯಿಂದ ಅತ್ತೆಯ ಫೋನು. ನಮ್ಮತ್ತೆ ಇಂದುಮತಿಯವರು ಫೋನಿನಲ್ಲಿ ಹಲೋ ಹೇಳುವುದಿಲ್ಲ, ನೇರವಾಗಿ ಅಳುತ್ತಾರೆ.

"ಏನ್ರೀ ಅಳಿಯಂದ್ರೇ, ಚೈನಾಕ್ಕೆ ಹೋಗ್ತೀರಂತೆ? ಮನೆ ಮಂಚ ಎಲ್ಲಾ ಕೊಟ್ಬಿಟ್ರಂತೆ? ಊರಿಗೆಲ್ಲಾ ಗೊತ್ತು, ನನಗೊಬ್ಬಳಿಗೆ ಗೊತ್ತಿಲ್ಲ!"

"ಅತ್ತೆ, ಯಾರು ಹೇಳಿದ್ದು?"

"ಯಾರೋ ಹೇಳಿದ್ರು ಬಿಡ್ರಿ. ಆ ಕೂಸು ಈಗ್ಲೇ ನಾನು ಕನ್ನಡದಾಗೆ ಕೇಳಿದ್ರೆ ಸ್ವೀಡನ್ ಭಾಷೆನಾಗೆ ಹೇಳ್ತತಿ. ಇನ್ನು ಚೈನಾದ ಭಾಷೆನಾಗೆ ಹೇಳಿದ್ರೆ ನಾನೇನ್ ಮಾಡ್ಲಿ? ಮಾಲತಿಗೆ ಫೋನ್ ಹಚ್ಚಿದ್ರೆ ಹತ್ತಂಗಿಲ್ಲ!"

ಆಗ ನನಗೆ ಗೊತ್ತಾಯಿತು, ಊರಿನಲ್ಲಿ ಗಾಳಿಸುದ್ದಿ ಎದ್ದಿದೆ ಎಂದು. ನಿಜವಾದ ಬುದ್ಧಿವಂತನಾಗಿದ್ದರೆ ಅಲ್ಲೇ ಅದನ್ನು ನಿಲ್ಲಿಸುತ್ತಿದ್ದೆ. ಆದರೆ ಹನ್ನೆರಡು ವರ್ಷದಲ್ಲಿ ಮೊದಲ ಸಲ ಅತ್ತೆ ನನ್ನನ್ನು ಒಂದು ದೇಶ ಬಿಟ್ಟು ಇನ್ನೊಂದು ದೇಶಕ್ಕೆ ಹೋಗಬಲ್ಲ ಗಂಡಸು ಎಂದು ನಂಬಿ ಅಳುತ್ತಿದ್ದರು.

"ಇನ್ನೂ ಏನೂ ಫೈನಲ್ ಆಗಿಲ್ಲ ಅತ್ತೆ" ಎಂದೆ ಗಂಭೀರವಾಗಿ. ಮಾಲತಿ ಬಂದರೆ ಸುದ್ದಿ ತಾನಾಗಿ ಸಾಯುತ್ತದೆ, ಅಲ್ಲಿಯವರೆಗೆ ನನ್ನದೇನು ಹೋಗುತ್ತದೆ ಎಂಬ ಧೈರ್ಯ.

ಗುರುವಾರ ನರಕ ಚತುರ್ದಶಿ. ಪ್ರತಿ ವರ್ಷ ಮಾಲತಿ ನಮ್ಮಿಬ್ಬರನ್ನೂ ಮಣೆಯ ಮೇಲೆ ಕೂರಿಸಿ, ಎಣ್ಣೆ ಹಚ್ಚಿ, ಆರತಿ ಎತ್ತಿ ನೀರಿಗೆ ಕಳಿಸುತ್ತಿದ್ದಳು. ಈ ಸಲ ಚಾರ್ವಿ ನೆತ್ತಿಗೆ ಮೂರು ತೊಟ್ಟು ಹಾಕಿಸಿಕೊಂಡು ಓಡಿಹೋದಳು. ಉಳಿದ ಬಟ್ಟಲನ್ನು ನಾನೇ ಸುರಿದುಕೊಂಡೆ. ಬೆನ್ನಿಗೆ ಮಾತ್ರ ಕೈ ಎಟುಕಲಿಲ್ಲ. ಹಳೆಯ ಟವೆಲ್ಲು ಸುತ್ತಿಕೊಂಡು, ತಲೆಯಿಂದ ಕಾಲಿನವರೆಗೆ ಎಣ್ಣೆಯಾಗಿ, ಅಡುಗೆಮನೆಯ ನೆಲ ಜಾರುತ್ತದೆಂದು ಗೋಡೆ ಹಿಡಿದು ನಿಂತಿದ್ದೆ. ಕಾಲಿಂಗ್ ಬೆಲ್ ಆಯಿತು.

ಚಾರ್ವಿ ಬಾಗಿಲು ತೆರೆದು, ಅಪ್ಪ ಈಗ ಜಾರುತ್ತಾರೆ, ಮುಟ್ಟಬೇಡಿ ಎಂದು ಸ್ವೀಡಿಷಿನಲ್ಲಿ ಎಚ್ಚರಿಕೆ ಕೊಟ್ಟಳು. ಒಳಗೆ ಬಂದವರು ರಾಮದಾಸರು, ಅವಿನಾಶ, ಪಾವನಾ. ರಾಮದಾಸರ ಕೈಯಲ್ಲಿ ಅಳತೆಯ ಟೇಪು, ಪಾವನಾಳ ಕೈಯಲ್ಲಿ ಮೈಸೂರುಪಾಕಿನ ಡಬ್ಬಿ.

"ಒಳ್ಳೆ ಹೊತ್ತಿಗೇ ಬಂದಿದ್ದೀವಿ! ಹಬ್ಬದ ಎಣ್ಣೆಸ್ನಾನ!" ಎಂದರು ರಾಮದಾಸರು. "ನೀವು ಸ್ನಾನ ಮಾಡಿ, ನಾವು ನೋಡ್ಕೋತೀವಿ."

"ಏನ್ ನೋಡ್ತೀರಿ ಸಾರ್?"

ಆಗಲೇ ಪಾವನಾ ಚಾರ್ವಿಯ ಕೋಣೆಯ ಕಿಟಕಿಯ ಹತ್ತಿರ ನಿಂತಿದ್ದಳು. "ಅಣ್ಣ, ಇಲ್ಲಿ ಬೆಳಿಗ್ಗೆ ಬಿಸಿಲು ಬರುತ್ತಾ? ತೊಟ್ಟಿಲು ಇಲ್ಲೇ ಇಡೋಣಾಂತ."

"ತೊಟ್ಟಿಲು?"

"ಅವಿನಾಶ ಮನೆ ಕ್ಯೂನಲ್ಲಿ ಎಂಟು ವರ್ಷದಿಂದ ನಿಂತಿದ್ದಾನೆ ನಾರಾಯಣ್" ಎಂದು ರಾಮದಾಸರು ಟೇಪಿನ ಒಂದು ತುದಿಯನ್ನು ನನ್ನ ಕೈಗೇ ಕೊಟ್ಟರು. "ನಾನೇ ಲಿಸ್ಟ್ ನೋಡಿದೀನಿ. ನೀವು ಬಿಟ್ಟ ತಕ್ಷಣ ಇದು ಇವನಿಗೇ. ಮಂಗಳವಾರ ನೀವು ಸಹಿ ಹಾಕಿದ್ರಲ್ಲ, ಜನವರಿ ಮೂವತ್ತೊಂದಕ್ಕೆ ಮನೆ ಖಾಲಿ."

ಟೇಪು ನನ್ನ ಎಣ್ಣೆ ಕೈಯಿಂದ ಜಾರಿ ಸರ್ರನೆ ಅವರ ಬಳಿಗೆ ಓಡಿತು. ಅದು ಸಂಕ್ರಾಂತಿಯ ಹಾಲ್ ಅಲ್ಲ! ನನ್ನ ಎದೆ ಧಸಕ್ಕೆಂದ ಸದ್ದು ಕೆಳಗಿನ ಬ್ರಿಟ್ಟಾಳಿಗೂ ಕೇಳಿಸಿರಬೇಕು. ಬಾಡಿಗೆ ಮನೆಗೂ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾದ ಈ ದೇಶದಲ್ಲಿ ಏಳು ವರ್ಷ ಕ್ಯೂನಲ್ಲಿ ನಿಂತು ಪಡೆದ ಮೂರು ಕೋಣೆಯ ಮನೆ ಇದು. ಚಾರ್ವಿ ಹುಟ್ಟಿದ ಮೇಲೆ ಬೇರೆ ಮನೆ ಕಂಡವಳಲ್ಲ. ಒಮ್ಮೆ ಬಿಟ್ಟರೆ ಕ್ಯೂನಲ್ಲಿ ಮತ್ತೆ ಸೊನ್ನೆಯಿಂದ ಶುರು. ಭಾನುವಾರ ಮಾಲತಿ ಬರುತ್ತಾಳೆ. ಮನೆಗೆ ಬಾ ಎಂದು ಯಾವ ಬಾಯಲ್ಲಿ ಹೇಳಲಿ?

ಆ ಕ್ಷಣದಲ್ಲೇ ಹೇಳಿಬಿಡಬೇಕಿತ್ತು. ಬಾಯಿ ತೆರೆದೆ. ಪಾವನಾ ಮೊದಲು ಮಾತಾಡಿದಳು.

"ಅಣ್ಣ, ನಾವಿರೋ ರೂಮ್ ಜನವರಿ ಕೊನೆಗೆ ಬಿಡ್ಬೇಕು. ಫೆಬ್ರವರಿಗೆ ನಂಗೆ ಡೇಟ್. ಎಲ್ಲಿ ಹೋಗೋದೂಂತ ದಿನಾ ಅಳ್ತಿದ್ದೆ. ಗ್ರೈಂಡರ್ ಕೊಟ್ರಿ, ಮನೇನೂ ಕೊಟ್ರಿ. ನಮ್ಮಣ್ಣ ಇದ್ದಿದ್ರೂ ಇಷ್ಟು ಮಾಡ್ತಿರ್ಲಿಲ್ಲ."

ಹೀಗೆಂದು ಆ ಹುಡುಗಿ ಕಷ್ಟಪಟ್ಟು ಬಗ್ಗಿ ನನ್ನ ಎಣ್ಣೆಯ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ನನ್ನ ಕಣ್ಣಲ್ಲಿ ನೀರು ಬಂತು. ಎಣ್ಣೆ ಕಣ್ಣಿಗೆ ಹೋಯಿತಮ್ಮ ಎಂದೆ. ಅವರು ಅಡುಗೆಮನೆಯನ್ನೂ ಅಳೆದು, ಮೈಸೂರುಪಾಕು ಇಟ್ಟು, ರಾಮದಾಸರ ಮನೆಗೆ ತಿಂಡಿಗೆ ಹೋದರು.

ಬಾಡಿಗೆ ಕಂಪನಿಯ ಆಫೀಸು ಗುರುವಾರ ಹತ್ತರಿಂದ ಹನ್ನೆರಡರವರೆಗೆ ಮಾತ್ರ. ಸ್ನಾನಕ್ಕೆ ಸಮಯ ಎಲ್ಲಿ? ಎಣ್ಣೆಯ ಮೈಮೇಲೇ ಅಂಗಿ ಕೋಟು ಹಾಕಿ, ಉಣ್ಣೆ ಟೋಪಿ ಎಳೆದುಕೊಂಡು, ಡಬ್ಬಿಯಲ್ಲಿ ಕೋಡುಬಳೆ ತುಂಬಿ, ಚಾರ್ವಿಯನ್ನು ಸೈಕಲ್ಲಿನ ಹಿಂದೆ ಕೂರಿಸಿ ಹೊರಟೆ. ಕೋಡುಬಳೆ ಯಾಕೆಂದು ಕೇಳಬೇಡಿ. ಆಫೀಸಿಗೆ ಬರಿಗೈಯಲ್ಲಿ ಹೋಗಬಾರದೆಂದು ನಮ್ಮಪ್ಪ ಹೇಳುತ್ತಿದ್ದರು. ದಾರಿಯಲ್ಲಿ ಚಾರ್ವಿಯ ತಲೆ ನೋಡಿದರೆ ಟೋಪಿ ಇಲ್ಲ. ಚೀಟಿಯ ಮೊದಲನೆಯ ಸಾಲೂ ಹೋಯಿತು! ನನ್ನ ಟೋಪಿಯನ್ನೇ ಅವಳಿಗೆ ಹಾಕಿದೆ.

ನನ್ನ ಟೋಕನ್ ನಲವತ್ತೇಳು. ಕೌಂಟರಿನಲ್ಲಿ ಆನೆಲಿ ಎಂಬ ಹೆಂಗಸು. ಗಾಬರಿಯಲ್ಲಿ ನನ್ನ ಸ್ವೀಡಿಷ್ ಪೂರಾ ಬರಿದಾಗಿತ್ತು.

"ನಾನು ಮನೆ ಬಿಟ್ಟೆ. ನಾನು ಮನೆ ಬಿಡಲಿಲ್ಲ" ಎಂದೆ.

ಅವಳು ನನ್ನ ಹಣೆಯಿಂದ ಇಳಿಯುತ್ತಿದ್ದ ಎಣ್ಣೆಯನ್ನು ನೋಡಿ ಒಂದು ಟಿಶ್ಯೂ ಕೊಟ್ಟು ಹೆಸರು ಕೇಳಿದಳು. ಲಕ್ಷ್ಮೀನಾರಾಯಣ ಎಂದು ಅಕ್ಷರ ಅಕ್ಷರವಾಗಿ ಬರೆಸಿದೆ. ಮಧ್ಯೆ ಅವಳು ಎರಡು ಸಲ ಕಾಫಿ ಕುಡಿದಳು.

"ಹೌದು. ಮಂಗಳವಾರ ಹನ್ನೊಂದು ಗಂಟೆ ನಾಲ್ಕು ನಿಮಿಷಕ್ಕೆ ಸಹಿ ಹಾಕಿದ್ದೀಯ."

"ಅದು ಹಾಲ್ ಅಂದುಕೊಂಡೆ."

"ಹಾಲಿಗೆ ಹನ್ನೊಂದು ಗಂಟೆಗೆ ಹಾಕಿದ್ದೀಯ. ಶನಿವಾರಕ್ಕೆ. ಅದು ಸರಿಯಾಗಿದೆ."

"ಎರಡನೆಯದೂ ಹಾಲ್ ಅಂದುಕೊಂಡೆ. ಬಾಣಲೆ ಹೊಗೆಯಾಗುತ್ತಿತ್ತು. ನಾನು ಓದಲಿಲ್ಲ."

"ಓದದೆ ಸಹಿ ಹಾಕಿದೆಯಾ?"

ಹಿಂದೆ ನಿಂತ ಟೋಕನ್ ನಲವತ್ತೆಂಟು, ಟೋಕನ್ ನಲವತ್ತೊಂಬತ್ತು, ಎಲ್ಲರೂ ನನ್ನನ್ನು ನೋಡಿದರು. ಇಷ್ಟು ಕಣ್ಣು ನನ್ನನ್ನು ನೋಡಿದ್ದು ಇದು ಎರಡನೆಯ ಸಲ. ಮೊದಲ ಸಲದ ಹಾಗೆ ನಗಲು ಈ ಸಲ ಆಗಲಿಲ್ಲ.

"ಓದಲಿಲ್ಲ" ಎಂದೆ. "ನನ್ನ ಮಗಳು ಇದೇ ಮನೆಯಲ್ಲಿ ದೊಡ್ಡವಳಾಗುತ್ತಿದ್ದಾಳೆ. ದಯವಿಟ್ಟು ಏನಾದರೂ ಮಾಡು."

ಆನೆಲಿ ಪರದೆಯನ್ನು ಮೇಲಿಂದ ಕೆಳಗೆ ಓದಿದಳು. ಎಷ್ಟು ನಿಧಾನವಾಗಿ ಓದಿದಳೆಂದರೆ, ಸಹಿ ಹಾಕುವ ಮೊದಲು ಜನ ಹೀಗೆ ಓದುತ್ತಾರೆ ಎಂದು ನನಗೆ ಆವತ್ತೇ ತಿಳಿದದ್ದು.

"ನೀನು ಮನೆ ಬಿಟ್ಟಿಲ್ಲ" ಎಂದಳು.

"ಹಾಂ?"

"ಒಪ್ಪಂದ ಇಬ್ಬರ ಹೆಸರಿನಲ್ಲಿದೆ. ಗಂಡ ಒಬ್ಬನೇ ಸಹಿ ಹಾಕಿದರೆ ಸಂಸಾರದ ಮನೆ ಹೋಗುವುದಿಲ್ಲ, ಹೆಂಡತಿಯದೂ ಬೇಕು. ಮಂಗಳವಾರವೇ ಅವಳಿಗೆ ಕಳಿಸಿದ್ದೆವು. ನಿನ್ನೆ ಬೇಡ ಎಂದು ಒತ್ತಿದ್ದಾಳೆ. ಒಂದು ಸಂದೇಶವನ್ನೂ ಬರೆದಿದ್ದಾಳೆ." ಆನೆಲಿ ಅದನ್ನು ಇಡೀ ಆಫೀಸಿಗೆ ಕೇಳುವಂತೆ ಓದಿದಳು. "ನನ್ನ ಗಂಡ ಇದನ್ನು ಓದದೆ ಸಹಿ ಹಾಕಿದ್ದಾರೆ. ಅವರು ಬಂದರೆ ಬೈಯಬೇಡಿ. ಭಾನುವಾರ ನಾನು ಬರುತ್ತೇನೆ."

ಹೋದ ಜೀವ ಬಂತು. ಎರಡೂ ಕೈಯಲ್ಲಿ ಕೌಂಟರ್ ಹಿಡಿದುಕೊಂಡೆ, ಕೌಂಟರಿಗೂ ಎಣ್ಣೆಯಾಯಿತು. ಟೋಕನ್ ನಲವತ್ತೆಂಟು ಚಪ್ಪಾಳೆ ತಟ್ಟಿದ. ಆನೆಲಿಗೆ ಕೋಡುಬಳೆಯ ಡಬ್ಬಿ ಕೊಟ್ಟೆ. ಇದು ಸುಟ್ಟಿದೆಯೋ ಅಥವಾ ಹೀಗೆಯೇ ಇರುತ್ತದೆಯೋ ಎಂದು ಕೇಳಿದಳು. ಇನ್ನು ಸುಳ್ಳು ಹೇಳಬಾರದೆಂದು, ಸುಟ್ಟಿದೆ ಎಂದೆ.

ಹೊರಡಲು ತಿರುಗಿದವನಿಗೆ ತೊಟ್ಟಿಲು ನೆನಪಾಯಿತು. ಮತ್ತೆ ತಿರುಗಿದೆ. ಎಂಟು ವರ್ಷದಿಂದ ಕ್ಯೂನಲ್ಲಿರುವ, ಫೆಬ್ರವರಿಯಲ್ಲಿ ಹೆರಿಗೆಯಿರುವ ಒಂದು ದಂಪತಿಗೆ ಏನಾದರೂ ಇದೆಯೇ ಎಂದು ಕೇಳಿದೆ. ಟೋಕನ್ ನಲವತ್ತೆಂಟು ಉಸ್ ಎಂದ.

"ನಿಮ್ಮದೇ ಕಟ್ಟಡದಲ್ಲಿ ನೆಲಮಹಡಿಯ ಎರಡು ಕೋಣೆ ಇದೆ" ಎಂದಳು ಆನೆಲಿ. "ಐದು ತಿಂಗಳಿಂದ ಯಾರೂ ತೆಗೆದುಕೊಂಡಿಲ್ಲ. ಬಟ್ಟೆ ಒಗೆಯುವ ಕೋಣೆಗೆ ಅಂಟಿಕೊಂಡಿದೆ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಮಷೀನಿನ ಸದ್ದು."

ಹೊರಗೆ ಬೆಂಚಿನ ಮೇಲೆ ಕುಳಿತು ಮಾಲತಿಗೆ ಫೋನ್ ಮಾಡಿದೆ. ಅಲ್ಲಿ ಸಂಜೆಯಾಗಿತ್ತು.

"ಗೊತ್ತಾಯ್ತಾ?" ಎಂದಳು.

"ನೀನು ನಿನ್ನೆನೇ ಯಾಕೆ ಹೇಳ್ಲಿಲ್ಲ?"

"ನೀವೇ ಹೇಳ್ತೀರೇನೋ ಅಂತ ಕಾಯ್ತಿದ್ದೆ."

"ನಾನ್ ಹೇಗ್ ಹೇಳ್ಲಿ? ನಂಗೇ ಗೊತ್ತಿರ್ಲಿಲ್ಲ!"

"ಅದೂ ಗೊತ್ತಿತ್ತು." ಮಾಲತಿ ನಕ್ಕಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು. "ಮೊದ್ಲು ಜೀವ ಹಾರಿಹೋಯ್ತು ರೀ. ಕ್ಲಾಸಿನಲ್ಲಿ ಕೂತಿದ್ದೆ. ಇಲ್ಲಿ ಪಾಠದ ಮಧ್ಯೆ ಹಾಡು ಹಾಕಿ ನಲವತ್ತೆಂಟು ಮಕ್ಕಳೂ ಕಣ್ಣು ಮುಚ್ಕೊಂಡು ಕಣ್ಣಿನ ವ್ಯಾಯಾಮ ಮಾಡ್ತಾರೆ. ಆಗ್ಲೇ ಮೆಸೇಜ್ ನೋಡ್ದೆ. ನಾನೂ ಅವರ ಜೊತೆ ಕಣ್ಣು ಮುಚ್ಕೊಂಡೆ. ಆಮೇಲೆ ಇನ್ನೊಂದ್ಸಲ ಓದ್ದೆ. ನನ್ ಸಹಿ ಇಲ್ದೆ ಆಗಲ್ಲ ಅಂತ ಕೊನೇಲಿತ್ತು."

"ಕೊನೇವರೆಗೂ ಓದ್ದ್ಯಾ?"

"ಓದಿದ್ರಿಂದಾನೇ ನಿಮ್ಗೆ ಮನೆ ಇರೋದು." ಆಮೇಲೆ ಹಬ್ಬದ ಮಾತಿಗೆ ಬಂದಳು. "ಒಲೆ ಮುಂದೆ ನಿಲ್ಲದ ಹಬ್ಬ, ಎಷ್ಟು ಆರಾಮಾಗಿರುತ್ತೆ ಅಂದ್ಕೊಂಡಿದ್ದೆ. ಬೆಳಿಗ್ಗೆ ಹೋಟೆಲ್‌ನಲ್ಲಿ ಒಬ್ಳೇ ಎಣ್ಣೆ ಹಚ್ಕೊಂಡೆ. ಬೆನ್ನಿಗೆ ಕೈ ಎಟಕ್ಲಿಲ್ಲ ರೀ. ಅಳು ಬಂತು."

"ನಂಗೂ ಎಟಕ್ಲಿಲ್ಲ" ಎಂದೆ.

"ಚಾರ್ವಿಗೆ ಟೋಪಿ ಹಾಕಿದೀರಾ?"

"ಹಾಕಿದೀನಿ" ಎಂದೆ. ನನ್ನ ಎಣ್ಣೆ ಟೋಪಿ ಅವಳ ಕಣ್ಣಿನವರೆಗೆ ಇಳಿದಿತ್ತು.

ಅಲ್ಲಿಂದ ನೇರ ರಾಮದಾಸರ ಮನೆಗೆ ಹೋದೆ. ಮೂವರೂ ತಿಂಡಿಗೆ ಕುಳಿತಿದ್ದರು. ನಿಂತಲ್ಲೇ ಎಲ್ಲ ಹೇಳಿದೆ: ಯಾರೂ ನಮ್ಮನ್ನು ಕರೆಸಿಕೊಂಡಿಲ್ಲ, ಯಾವ ಆಫರೂ ಇಲ್ಲ, ಮಾಲತಿ ಹನ್ನೊಂದರಲ್ಲಿ ಹನ್ನೊಂದನೆಯವಳು, ನಾನು ಜಂಬಕ್ಕೆ ಬಾಯಿ ಮುಚ್ಚಿಕೊಂಡಿದ್ದೆ. ರಾಮದಾಸರು ಇಡ್ಲಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ, "ಅಲ್ರೀ, ಸಂಕ್ರಾಂತಿ ಹಾಲ್‌ಗೆ ಯಾರಾದ್ರೂ ಮನೆ ಖಾಲಿ ಮಾಡ್ತಾರೇನ್ರೀ!" ಎಂದರು. ಪಾವನಾಳ ಮುಖ ಸಣ್ಣದಾಯಿತು. ನನಗೆ ನೆಲ ಸೀಳಿ ಒಳಗೆ ಹೋಗಬೇಕೆನ್ನಿಸಿತು. ನೆಲಮಹಡಿಯ ಎರಡು ಕೋಣೆಯ ವಿಷಯ ಹೇಳಿದೆ. ಸದ್ದಿನ ವಿಷಯವನ್ನೂ ಮುಚ್ಚಿಡಲಿಲ್ಲ.

"ದಿನವಿಡೀ ಮಷೀನ್ ಸದ್ದಾ?" ಎಂದಳು ಪಾವನಾ.

"ದಿನವಿಡೀ ಅಮ್ಮ."

"ಹಾಗಾದ್ರೆ ಅಲ್ಲಿ ಗ್ರೈಂಡರ್ ಹಾಕಿದ್ರೆ ಯಾರಿಗೂ ಕೇಳಿಸಲ್ವಲ್ಲಾ ಅಣ್ಣ!"

ರಾಮದಾಸರು ಇಡ್ಲಿ ಬಿಟ್ಟು ಲ್ಯಾಪ್‌ಟಾಪಿಗೆ ಕೈ ಹಾಕಿದರು. ಅವಿನಾಶ ತನ್ನ ಫೋನಿನಲ್ಲಿ ಬಂದದ್ದನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ, ಪಾವನಾಳಿಗೂ ತೋರಿಸಿ, ಆಮೇಲೆ ಆರು ಅಂಕಿ ಒತ್ತಿದ. ಶನಿವಾರ ಇನ್ನೂರು ವಡೆ ಆಯಿತು. ಓಂ ಒಬ್ಬನೇ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅವನು ತನ್ನ ಹಳೆಯ ಮಂಚವನ್ನು ಅದಾಗಲೇ ಯಾರಿಗೋ ಕೊಟ್ಟುಬಿಟ್ಟಿದ್ದ.

ಭಾನುವಾರ ಮಧ್ಯಾಹ್ನ ಮಾಲತಿ ಬಂದಳು. ಚಾರ್ವಿ ಅವಳ ಕುತ್ತಿಗೆಗೆ ಜೋತುಬಿದ್ದು, ಅಮ್ಮ ಬಂದ್ಲು, ಅಮ್ಮ ಬಂದ್ಲು ಎಂದು ಕನ್ನಡದಲ್ಲೇ ಕೂಗಿದಳು. ಒಗೆಯದ ಬಟ್ಟೆಯ ರಾಶಿ ಬಚ್ಚಲಲ್ಲಿತ್ತು. ಹತ್ತು ಗಂಟೆಯ ಸರದಿಯಲ್ಲಿ ಬ್ರಿಟ್ಟಾ ತನ್ನ ಕಂಬಳಿಗಳನ್ನೆಲ್ಲ ಒಗೆದಿದ್ದಳು. ನಾವು ಹೋಗುವುದಿಲ್ಲ ಎಂದು ಗೊತ್ತಾದ ಮೇಲೂ ಸರದಿ ವಾಪಸು ಕೊಡಲಿಲ್ಲ. ಅಪ್ಪುಗೆಯನ್ನು ಮಾತ್ರ ವಾಪಸು ತೆಗೆದುಕೊಂಡ ಹಾಗೆ ಮೆಟ್ಟಿಲ ಮೇಲೆ ಗೋಡೆ ನೋಡಿಕೊಂಡು ಹೋದಳು.

ಸಂಜೆ ಅವಿನಾಶ, ಪಾವನಾ ಗ್ರೈಂಡರ್ ವಾಪಸು ತಂದರು. ಮಾಲತಿ ಅದನ್ನು ಮೇಜಿನ ಮೇಲೆ ಮಲಗಿಸಿ ತಳ ನೋಡಿದಳು. ಕಬೀರರ ಹೆಸರಿನ ಕೆಳಗೆ ಹೋದ ಭಾನುವಾರ ಒಯ್ಯುವ ದಾರಿಯಲ್ಲೇ ರಾಮದಾಸರ ದುಂಡು ಅಕ್ಷರದಲ್ಲಿ ಬರೆಸಿಕೊಂಡ ಹೊಸದೊಂದು ಸಾಲು: ಲಕ್ಷ್ಮೀನಾರಾಯಣ–ಮಾಲತಿ, ಚೀನಾ.

ನಾನು ಒರೆಸಲು ಬಟ್ಟೆ ತಂದೆ. ಮಾಲತಿ ನನ್ನ ಕೈ ಸರಿಸಿ, ಚಾರ್ವಿಯ ಪೆಟ್ಟಿಗೆಯಿಂದ ಮಾರ್ಕರ್ ತೆಗೆದು ಏನೋ ಬರೆದಳು. ಆಮೇಲೆ ಗ್ರೈಂಡರನ್ನು ಪಾವನಾಳ ಕಡೆಗೇ ತಳ್ಳಿದಳು.

"ತಗೋ. ಇನ್ಮೇಲೆ ಇದು ನಿಮ್ಮನೇಲಿರ್ಲಿ. ಲಾಂಡ್ರಿ ಪಕ್ಕ ಯಾರೂ ಚೀಟಿ ಅಂಟ್ಸಲ್ಲ. ವಾರಕ್ಕೊಂದ್ಸಲ ನಮಗೆ ಹಿಟ್ಟು ಕಳಿಸಿದ್ರೆ ಸಾಕು."

"ಆದ್ರೆ ಅಕ್ಕ, ಇದನ್ನ ಊರು ಬಿಡೋರು ತಾನೆ ಕೊಡೋದು?" ಎಂದಳು ಪಾವನಾ. "ನೀವೆಲ್ಲೂ ಹೋಗ್ತಿಲ್ವಲ್ಲ?"

"ಓದಿ ನೋಡು" ಎಂದು ಮಾಲತಿ ನನ್ನ ಕಡೆ ತಿರುಗಿದಳು. "ನೀವೂ ಓದ್ರಿ."

ಈ ಸಲ ಮೊದಲಿನಿಂದ ಕೊನೆಯವರೆಗೆ ಓದಿದೆ. ಶ್ರೀನಾಥ–ಗೀತಾ, ಕೆನಡಾ. ಸಂಕೇತ್–ನವ್ಯಾ, ಜರ್ಮನಿ. ಕಬೀರ್–ಅಹನಾ, ಬೆಂಗಳೂರು. ಲಕ್ಷ್ಮೀನಾರಾಯಣ–ಮಾಲತಿ, ಚೀನಾ ಎಂದಿದ್ದಲ್ಲಿ ಚೀನಾದ ಮೇಲೆ ಅಡ್ಡಗೆರೆ, ಪಕ್ಕದಲ್ಲಿ ಅವಳ ಕೈಬರಹ: ಮೂರನೇ ಮಹಡಿ.